ಇಂಚಿನ ಲೇತ್‌ಗೆ 127 ಹಲ್ಲಿನ ಗೇರ್: ತುಂಬಾ ದಿನ ಬಳಸಿದ ಮೇಲೆ

ನಮ್ಮದು ಬೋರ್‌ವೆಲ್ ಪಂಪು, ಟಿಲ್ಲರ್ ರಿಪೇರಿ ಮಾಡುವ ಸಣ್ಣ ಶಾಪು. ಲೇತ್ ಹಳೆಯದು, ಥ್ರೆಡ್ ಹಾಕುವಾಗ ಟೂಲನ್ನು ಮುಂದಕ್ಕೆ ಒಯ್ಯುವ ಲೀಡ್ ಸ್ಕ್ರೂ ಇಂಚಿಗೆ 4 ಥ್ರೆಡ್‌ನದು. ಇದನ್ನು ಕೊಟ್ಟು ಮೆಟ್ರಿಕ್ ಲೇತ್ ತಗೊಳ್ಳಿ ಅಂದವರು ಬಹಳ ಜನ. ಆದರೆ ಜಿಐ ಪೈಪಿನ ಥ್ರೆಡ್ ಇವತ್ತಿಗೂ ಇಂಚಿನ ಲೆಕ್ಕವೇ ಅಲ್ವಾ? ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಥ್ರೆಡ್, ಒಂದು ಇಂಚಿನದಕ್ಕೆ 11. ನಮಗೆ ಆ ಕೆಲಸವೂ ಬರುತ್ತದೆ, ಮಿ.ಮೀ. ಲೆಕ್ಕದ ಎಂ12, ಎಂ16 ಸ್ಟಡ್ಡೂ ಬರುತ್ತವೆ. ಹಾಗಾಗಿ ಲೇತ್ ಉಳಿಸಿಕೊಂಡು, ಅದರಲ್ಲೇ ಮೆಟ್ರಿಕ್ ಥ್ರೆಡ್ ಹಾಕಲು 127 ಹಲ್ಲಿನ ಒಂದು ಬೀಡಿನ ಗೇರ್ ಮಾಡಿಸಿಕೊಂಡೆ.

ಇಂಚು ಅಂದರೆ ಕರಾರುವಾಕ್ಕಾಗಿ 25.4 ಮಿ.ಮೀ. ಅದರ ಐದು ಪಟ್ಟು 127. ಈ ಸಂಖ್ಯೆ ಯಾವುದರಿಂದಲೂ ಭಾಗವಾಗುವುದಿಲ್ಲ. ಅದಕ್ಕೇ ಸಣ್ಣ ಗೇರ್‌ಗಳನ್ನು ಎಷ್ಟು ಜೋಡಿಸಿದರೂ ಸರಿಯಾದ ಮೆಟ್ರಿಕ್ ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ) ಸಿಗಲ್ಲ, ಹತ್ತಿರದ್ದು ಸಿಗುತ್ತದೆ ಅಷ್ಟೆ.

ನನಗೆ ಬಹಳ ಖುಷಿ ಕೊಟ್ಟಿದ್ದು ಇದರ ಲೆಕ್ಕ. 4 ಥ್ರೆಡ್‌ನ ಲೀಡ್ ಸ್ಕ್ರೂ ಮೇಲೆ 127 ಕೂರಿಸಿದರೆ, ಬೇಕಾದ ಪಿಚ್ಚನ್ನು 20ರಿಂದ ಗುಣಿಸಿ. ಬಂದಷ್ಟು ಹಲ್ಲಿನ ಗೇರನ್ನು ಮೇಲಿನ, ಅಂದರೆ ಚಕ್ ಕಡೆಯಿಂದ ತಿರುಗುವ ಶಾಫ್ಟಿಗೆ ಹಾಕಿ. 1.5ಕ್ಕೆ 30, 1.75ಕ್ಕೆ 35, 2ಕ್ಕೆ 40, 2.5ಕ್ಕೆ 50. ಮಧ್ಯದಲ್ಲಿ ಕೈಗೆ ಸಿಕ್ಕಿದ ಐಡ್ಲರ್, ಅಂದರೆ ಎರಡನ್ನೂ ಸೇರಿಸುವ ಗೇರ್. ಗೋಡೆ ಮೇಲಿನ ಚಾರ್ಟ್ ನೋಡುವುದನ್ನೇ ಬಿಟ್ಟಿದ್ದೇನೆ. ನಮ್ಮ ಹುಡುಗನೂ ಬಾಯಲ್ಲೇ ಹೇಳುತ್ತಾನೆ.

ಗೇರ್ ಬದಲಿಸುವ ಕೆಲಸವೂ ಈಗ ಇಷ್ಟವೇ. ಬ್ರಷ್‌ನಿಂದ ಹಲ್ಲಿನ ಸಂದಿಯ ಚೂರು ತೆಗೆಯುತ್ತೇನೆ. ಎರಡು ಗೇರ್‌ಗಳ ನಡುವೆ ದಿನಪತ್ರಿಕೆಯ ಒಂದು ಪಟ್ಟಿ ಇಟ್ಟು ಒತ್ತಿ ಹಿಡಿದು ನಟ್ ಬಿಗಿ ಮಾಡುತ್ತೇನೆ. ಕೈಯಿಂದ ಚಕ್ ತಿರುಗಿಸಿದರೆ ಪೇಪರ್ ಮಡಿಕೆ ಮಡಿಕೆಯಾಗಿ ಈಚೆ ಬರುತ್ತದೆ. ಮಡಿಕೆ ಮೂಡಿಯೂ ಹರಿಯದಿದ್ದರೆ ಮೆಶ್, ಅಂದರೆ ಹಲ್ಲುಗಳ ಹೊಂದಿಕೆ, ಸರಿ ಇದೆ ಅಂತ. ಆಮೇಲೆ ಸ್ವಲ್ಪ ಗ್ರೀಸ್. ಜಾಬ್ ಮೇಲೆ ಸುಮ್ನೆ ಒಂದು ಗೀರು ಎಳೆದು ಪಿಚ್ ಗೇಜ್ ಇಟ್ಟು ನೋಡದೆ ಮೊದಲ ಕಟ್ ಕೊಡುವುದಿಲ್ಲ.

ಇಷ್ಟೆಲ್ಲ ಸರಿ. ಬೇಸರ ಹಾಫ್ ನಟ್‌ನದು, ಅಂದರೆ ಟೂಲ್ ಹೊತ್ತ ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಹಿಡಿಸುವ ನಟ್‌ನದು.

ಇಂಚಿನ ಥ್ರೆಡ್ ಹಾಕುವಾಗ ಕೊನೆಗೆ ಹಾಫ್ ನಟ್ ಬಿಡಿಸಿ, ಕ್ಯಾರೇಜ್ ಕೈಯಲ್ಲಿ ಹಿಂದೆ ತಂದು, ಯಾವಾಗ ಕೂರಿಸಬೇಕು ಅಂತ ತೋರಿಸುವ ಡಯಲ್ ನೋಡಿ ಮತ್ತೆ ಕೂರಿಸುತ್ತೇವೆ. ಮೆಟ್ರಿಕ್‌ನಲ್ಲಿ ಆ ಡಯಲ್ ಕೆಲಸಕ್ಕೆ ಬರಲ್ಲ. 1.5 ಪಿಚ್ಚೂ ಈ ಲೀಡ್ ಸ್ಕ್ರೂನ 6.35 ಮಿ.ಮೀ. ಪಿಚ್ಚೂ ಮತ್ತೆ ಒಂದಕ್ಕೊಂದು ಕೂಡುವುದು 190.5 ಮಿ.ಮೀ. ದೂರಕ್ಕೊಮ್ಮೆ. ನಡುವೆ ಎಲ್ಲೋ ಬಿಡಿಸಿ ಕೂರಿಸಿದರೆ ಥ್ರೆಡ್ ಮೇಲೆ ಥ್ರೆಡ್ ಬಿದ್ದು ಜಾಬ್ ಹಾಳು. ಹಾಫ್ ನಟ್ ಹಾಕಿದ್ದು ಹಾಕಿದಂತೇ ಇರಬೇಕು. ಟೂಲ್ ಈಚೆ ಎಳೆದುಕೊಂಡು, ಮೋಟಾರ್ ನಿಲ್ಲಿಸಿ, ರಿವರ್ಸ್ ಹೊಡೆಯಬೇಕು. 60 ಆರ್‌ಪಿಎಂನಲ್ಲಿ 90 ಮಿ.ಮೀ. ಉದ್ದದ ಸ್ಟಡ್ಡಿಗೆ ಹೋಗಲು ಒಂದು ನಿಮಿಷ, ಬರಲು ಒಂದು ನಿಮಿಷ. ಪ್ರತಿ ಕಟ್‌ಗೂ ಇಷ್ಟು. ಗಿರಾಕಿ ಎದುರಿಗೇ ನಿಂತಿದ್ದಾಗ ಆ ವಾಪಸ್ ಬರುವ ನಿಮಿಷ ತಲೆ ಕೆಡಿಸುತ್ತದೆ. ಜಾಬ್ ದಪ್ಪವಾಗುವ ಭುಜದ ಹತ್ತಿರ ನಿಲ್ಲುವ ಥ್ರೆಡ್ ಆದರಂತೂ ಕೈ ಸ್ವಿಚ್ ಮೇಲೇ ಇರಬೇಕು.

ಮೂರು ಫೇಸ್ ಮೋಟಾರಿಗೆ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಹಾಕಿಸಿದ ಮೇಲೆ ಈ ಕಿರಿಕಿರಿ ಅರ್ಧ ಕಮ್ಮಿಯಾಯಿತು. ಕಟ್ ನಿಧಾನಕ್ಕೆ, ವಾಪಸ್ ಬರುವುದು ಜೋರಾಗಿ. ಚಕ್ ಥ್ರೆಡ್ ಮೇಲೆ ತಿರುಗಿಸಿ ಕೂರಿಸುವ ಮಾದರಿಯದಾಗಿದ್ದರೆ ರಿವರ್ಸ್ ಮೆಲ್ಲಗೆ ಏರುವ ಹಾಗೆ ಸೆಟ್ ಮಾಡಿಸಿ, ಇಲ್ಲದಿದ್ದರೆ ಚಕ್ಕೇ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ತೊಂದರೆ ಗಾತ್ರ. ನನ್ನ ಗೇರ್‌ಗಳು 2 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ), ಅದರಲ್ಲಿ 127 ಹಲ್ಲು ಅಂದರೆ ಹೊರ ವ್ಯಾಸ 258 ಮಿ.ಮೀ. ಹಳೇ ಕವರ್ ಮುಚ್ಚಲೇ ಇಲ್ಲ. ಶೀಟ್ ಬೆಸುಗೆ ಹಾಕಿಸಿ ದೊಡ್ಡದು ಮಾಡಿಸಿದೆ. ಕವರ್ ತೆರೆದಿಟ್ಟು ಓಡಿಸಬೇಡಿ, ಅಂಗಿಯ ತೋಳು ಸಿಕ್ಕಿದರೆ ಕೈ ಹೋದ ಹಾಗೆಯೇ.

ಅಷ್ಟು ಜಾಗ ಇಲ್ಲದವರು 63 ಹಲ್ಲಿನ ಗೇರ್ ನೋಡಬಹುದು. ಸರಿಯಾಗಿ ಜೋಡಿಸಿದರೆ ನೂರು ಮಿ.ಮೀ.ಗೆ 0.0125 ಮಿ.ಮೀ. ವ್ಯತ್ಯಾಸ ಅಷ್ಟೆ, ನಟ್ಟು ಬೋಲ್ಟಿಗೆ ಧಾರಾಳ ಸಾಕು. ಉದ್ದನೆಯ ಸ್ಕ್ರೂ ಮಾಡುವವರಿಗೆ, ನನ್ನ ಹಾಗೆ ಲೆಕ್ಕ ಬಾಯಲ್ಲೇ ಬರಬೇಕು ಅನ್ನುವವರಿಗೆ 127. ಮಾಡಿಸುವಾಗ ಅಳತೆ ಬರೆದು ಕೊಟ್ಟರೆ ಸಾಲದು, ನಿಮ್ಮದೇ ಹಳೇ ಗೇರ್ ಒಂದನ್ನು ಕೈಗೆ ಕೊಡಿ. ಹಲ್ಲಿನ ಕೋನ 14.5 ಡಿಗ್ರಿಯೋ 20 ಡಿಗ್ರಿಯೋ ಅನ್ನುವುದು ಅದನ್ನು ನೋಡಿಯೇ ತೀರ್ಮಾನ ಆಗಬೇಕು.