ಒಳಗಿನವರನ್ನೆಲ್ಲ ಮಾತಾಡಿಸುವ ಕೌನ್ಸೆಲಿಂಗ್: ಪ್ರಮೋಷನ್ ಬೇಕಾ ಬೇಡ್ವಾ ಅಂತ ಕೇಳಿಕೊಂಡು ಹೋದವಳ ರಿವ್ಯೂ

5ಕ್ಕೆ ಮೂರೂವರೆ. ಮೊದಲೇ ಹೇಳಿಬಿಡುತ್ತೇನೆ, ನಾನೂ ರಿವ್ಯೂ ಓದುವಾಗ ಮೊದಲು ಸ್ಟಾರ್ ನೋಡುವವಳೇ. ಇದು ವಿಡಿಯೋ ಕಾಲ್‌ನಲ್ಲಿ ಮಾಡುವ ಕೌನ್ಸೆಲಿಂಗ್. ಒಂದು ಸೆಷನ್ 50 ನಿಮಿಷ, ಫೀಸು 1,500 ರೂಪಾಯಿ. ಕೌನ್ಸೆಲರ್ ಇರುವುದು ಬೆಂಗಳೂರಿನಲ್ಲಿ, ನಾನಿರುವುದು ದಾವಣಗೆರೆಯಲ್ಲಿ. ಅವರ ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ದೂರುಗಳೂ ಇವೆ. ಇದೇ ಪದ್ಧತಿಯಲ್ಲಿ ಕೆಲಸ ಮಾಡುವವರು ಬೇರೆಯವರೂ ಸಿಗುತ್ತಾರೆ, ಪದ್ಧತಿ ಹೇಗಿದೆ ಅಂತ ಗೊತ್ತಾದರೆ ಸಾಕು.

ನಾನು ಸರ್ಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್. ಆಫೀಸರ್ ಪ್ರಮೋಷನ್‌ಗೆ ಹೆಸರು ಕೊಡುತ್ತೀರಾ ಅಂತ ಸರ್ಕ್ಯುಲರ್ ಬಂದಿತ್ತು. ಬ್ಯಾಂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಫೀಸರ್ ಆದರೆ ಸಂಬಳ ಜಾಸ್ತಿ, ಆದರೆ ಟ್ರಾನ್ಸ್‌ಫರ್ ಗ್ಯಾರಂಟಿ. ಅದು ಪಕ್ಕದ ಜಿಲ್ಲೆ ಆಗಬಹುದು, ಬೇರೆ ರಾಜ್ಯವೂ ಆಗಬಹುದು. ಕ್ಲರ್ಕ್ ಆದರೆ ಕ್ಯಾಶ್ ಟ್ಯಾಲಿ ಮಾಡಿ ಮನೆಗೆ ಹೋಗಬಹುದು, ಆಫೀಸರ್‌ಗೆ ಹೊತ್ತುಗೊತ್ತು ಇಲ್ಲ. ಅದಕ್ಕೇ ಎಷ್ಟೋ ಹೆಣ್ಣುಮಕ್ಕಳು ರಿಟೈರ್ ಆಗುವವರೆಗೂ ಕೌಂಟರ್‌ನಲ್ಲೇ ಉಳಿಯುತ್ತಾರೆ. ನಮ್ಮ ಮನೆಯವರದ್ದು ಎಪಿಎಂಸಿಯಲ್ಲಿ ಅಂಗಡಿ, ಅದನ್ನು ಎತ್ತಿಕೊಂಡು ಎಲ್ಲಿಗೂ ಹೋಗಲಾಗದು. ಮಗಳು ಒಂಬತ್ತನೇ ಕ್ಲಾಸು. ಮನೆಯಲ್ಲಿ ಅತ್ತೆ. ಲಾಭ ಒಂದು ಕಡೆ, ನಷ್ಟ ಒಂದು ಕಡೆ ಬರೆದು ಪಟ್ಟಿ ಮಾಡಿದ್ದೆ, ಅದೂ ನೀಟಾಗಿ. ರಾತ್ರಿ ಓದಿದರೆ ಹೋಗೋಣ ಅನಿಸುತ್ತಿತ್ತು, ಬೆಳಿಗ್ಗೆ ಅದೇ ಪಟ್ಟಿ ಓದಿದರೆ ಬೇಡ ಅನಿಸುತ್ತಿತ್ತು.

ಪದ್ಧತಿಯ ಹೆಸರು ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಚಿಕ್ಕದಾಗಿ ಐಎಫ್‌ಎಸ್. (ನನಗೆ ಮೊದಲು ಐಎಫ್‌ಎಸ್‌ಸಿ ಕೋಡ್ ನೆನಪಾಯಿತು, ಕ್ಷಮಿಸಿ.) ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ಶುರು ಮಾಡಿದ್ದು. ಅವರು ಕುಟುಂಬಗಳಿಗೆ ಕೌನ್ಸೆಲಿಂಗ್ ಮಾಡುತ್ತಿದ್ದವರು. ವಿಪರೀತ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಕಾಯಿಲೆಯವರು ಅವರ ಬಳಿ ಬರುತ್ತಿದ್ದರು. 'ನನ್ನ ಒಂದು ಭಾಗ ಹೀಗೆ ಹೇಳುತ್ತೆ, ಇನ್ನೊಂದು ಹಾಗೆ' ಅಂತ ಅವರು ಹೇಳುವುದನ್ನು ಶ್ವಾರ್ಟ್ಸ್ ಸುಮ್ಮನೆ ಮಾತಿನ ವರಸೆ ಅಂತ ಬಿಡಲಿಲ್ಲ. ಮನೆಮಂದಿ ಜೊತೆ ಮಾತಾಡುವ ಹಾಗೆಯೇ ಆ ಭಾಗಗಳ ಜೊತೆ ಮಾತಾಡಲು ಶುರು ಮಾಡಿದರು. ಅವರ ಲೆಕ್ಕದಲ್ಲಿ ಹಳೇ ನೋವು ಹೊತ್ತು ಮೂಲೆ ಸೇರಿದ ಭಾಗಗಳಿರುತ್ತವೆ. ಆ ನೋವು ಮೇಲೆ ಬರದಂತೆ ದಿನವಿಡೀ ಕಾವಲು ಕಾಯುವ 'ಮ್ಯಾನೇಜರ್'ಗಳಿರುತ್ತವೆ. ಅದೂ ಮೀರಿ ಬಂದರೆ ಓಡಿಬಂದು ಏನಾದರೂ ಮಾಡಿ ಆರಿಸುವ 'ಫೈರ್‌ಫೈಟರ್'ಗಳೂ ಇರುತ್ತವೆ. ಇವೆಲ್ಲದರ ನಡುವೆ ಶಾಂತವಾಗಿರುವ 'ಸೆಲ್ಫ್' ಒಂದಿದೆ ಅನ್ನುತ್ತಾರೆ. ಇದೇನು ಪೂರ್ತಿ ಹೊಸದಲ್ಲ. ಇಟಲಿಯ ಮನೋವೈದ್ಯ ಅಸಾಜಿಯೋಲಿ ಇನ್ನೂ ಮೊದಲೇ ಉಪವ್ಯಕ್ತಿತ್ವಗಳ ಬಗ್ಗೆ, ಅಂದರೆ ಒಬ್ಬರೊಳಗೇ ಇರುವ ಬೇರೆ ಬೇರೆ ವ್ಯಕ್ತಿಗಳ ಬಗ್ಗೆ ಹೇಳಿದ್ದರು. ಇನ್ನೊಬ್ಬ ಮನೋವೈದ್ಯ ಫ್ರಿಟ್ಸ್ ಪರ್ಲ್ಸ್ ಖಾಲಿ ಕುರ್ಚಿ ಇಟ್ಟು, ಅಲ್ಲಿ ತಮ್ಮದೇ ಒಂದು ಭಾಗ ಕೂತಿದೆ ಅಂದುಕೊಂಡು ಅದರ ಜೊತೆ ಮಾತಾಡಿ ಅನ್ನುತ್ತಿದ್ದರು.

ಸೆಷನ್ ವಿಷಯಕ್ಕೆ ಬರೋಣ. ನಿಮಗೇನು ಬೇಕು ಅಂತ ಅವರು ಕೇಳಲೇ ಇಲ್ಲ. ನಾನು 'ಮಗಳ ಎಸ್ಸೆಸ್ಸೆಲ್ಸಿ ಬರ್ತಿದೆ, ಹೇಗೆ ಹೋಗೋದು' ಅಂದೆ. 'ಇದನ್ನು ಹೇಳ್ತಿರುವವರು ನಿಮ್ಮೊಳಗೆ ಯಾರು, ಮೈಯಲ್ಲಿ ಎಲ್ಲಿ ಗೊತ್ತಾಗ್ತಿದೆ?' ಅಂದರು. ಗಂಟಲಲ್ಲಿ. ಅಷ್ಟು ಹೇಳಲೂ ನಗು ಬಂತು, ಆದರೆ ನಿಜವಾಗಿಯೂ ಗಂಟಲಲ್ಲೇ ಇತ್ತು. 'ಅವರ ಬಗ್ಗೆ ನಿಮಗೆ ಏನನಿಸುತ್ತೆ?' ಸಿಟ್ಟು, ಅಂದೆ, ಯಾವಾಗಲೂ ಅಡ್ಡ ಬರುವವಳು ಅವಳು. ಆಗ ಮೇಡಂ ಹೇಳಿದ್ದು ಕೇಳಿ: ಸಿಟ್ಟು ಬಂದಿರುವುದೂ ಇನ್ನೊಂದು ಭಾಗಕ್ಕೇ, ಅವರನ್ನು ಸ್ವಲ್ಪ ಪಕ್ಕಕ್ಕೆ ಕೂರಲು ಕೇಳಿ, ಆಮೇಲೆ ಮೊದಲನೆಯವರ ಮಾತು ಕೇಳೋಣ. ಹೀಗೆ ಒಬ್ಬೊಬ್ಬರನ್ನೇ. ನಿಧಾನ ಅಂದರೆ ನಿಧಾನ. ಕೊನೆಗೆ 'ನೀವು ಈ ಅಡ್ಡ ಹಾಕುವ ಕೆಲಸ ಬಿಟ್ಟರೆ ಏನಾಗಬಹುದು ಅಂತ ಭಯ?' ಅಂತ ಕೇಳಿಸಿದರು.

ಬಂದ ಉತ್ತರದಲ್ಲಿ ಎಸ್ಸೆಸ್ಸೆಲ್ಸಿ ಇರಲೇ ಇಲ್ಲ. ಇದ್ದಿದ್ದು ಸಹಿ. ಆಫೀಸರ್ ಆದರೆ ಸಾಲದ ಫೈಲಿಗೆ ಸಹಿ ಹಾಕಬೇಕು, ಸಾಲ ಮುಳುಗಿದರೆ ಸ್ಟಾಫ್ ಅಕೌಂಟಬಿಲಿಟಿ ಅಂತ ವಿಚಾರಣೆ ಬರುತ್ತದೆ. ಹಳೇ ಬ್ರಾಂಚ್‌ನಲ್ಲಿ ಒಬ್ಬ ಆಫೀಸರ್ ರಿಟೈರ್‌ಮೆಂಟ್ ಹತ್ತಿರ ಬಂದಾಗ ಅದರಲ್ಲಿ ಸಿಕ್ಕಿ ಒದ್ದಾಡಿದ್ದನ್ನು ನಾನು ಕೌಂಟರ್‌ನಿಂದ ನೋಡಿದ್ದೆ. ಆ ಹೆದರಿಕೆ ಮಗಳ ಪರೀಕ್ಷೆಯ ಹೆಸರು ಹೇಳಿಕೊಂಡು ಓಡಾಡುತ್ತಿತ್ತು. ಮಗಳ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ ಅಲ್ವಾ, ಅದಕ್ಕೇ ಇರಬೇಕು. ಪಟ್ಟಿಯಲ್ಲಿ ಇದು ಸಿಕ್ಕುತ್ತಲೇ ಇರಲಿಲ್ಲ, ಪಟ್ಟಿ ಬರೆದಿದ್ದೂ ನನ್ನೊಳಗಿನ ಆ ಹೆದರುವವಳೇ ಆಗಿದ್ದರಿಂದ.

ಇನ್ನೊಬ್ಬಳೂ ಇದ್ದಳು. ಕ್ಯಾಬಿನ್, ಕುರ್ಚಿ, 'ಮೇಡಂ' ಅಂತ ಕರೆಸಿಕೊಳ್ಳುವ ಆಸೆಯವಳು. ಅವಳ ಬಗ್ಗೆ ಹೇಳಲು ನಾಚಿಕೆ ಆಯಿತು. ಇವರು ಅವಳನ್ನೂ ಅಷ್ಟೇ ಮರ್ಯಾದೆಯಿಂದ ಮಾತಾಡಿಸಿದರು. ಸಣ್ಣತನ ಅನ್ನಲಿಲ್ಲ, ಭೇಷ್ ಅಂತಲೂ ಅನ್ನಲಿಲ್ಲ. ರಾತ್ರಿ ಹನ್ನೆರಡರವರೆಗೆ ಸೀರೆ ರೀಲ್ಸ್ ನೋಡುವವಳಿಗೂ ಒಂದು ಕೆಲಸ ಇದೆ ಅಂತ ತಿಳಿಯಿತು (ಫೈರ್‌ಫೈಟರ್ ಅಂತೆ). ಕೊಟ್ಟ ಮೂರೂವರೆ ಸ್ಟಾರ್ ಪೂರ್ತಿ ಇಷ್ಟಕ್ಕೇ.

ಈಗ ಕಳೆದ ಒಂದೂವರೆ. ಒಂದು, ಈ 'ಸೆಲ್ಫ್' ಮಾತು ಸ್ವಲ್ಪ ಅತಿಯಾಯಿತು. ಅದಕ್ಕೆ ಎಂಟು ಗುಣ ಇವೆಯಂತೆ, ಎಲ್ಲವೂ ಇಂಗ್ಲಿಷಿನ ಸಿ ಅಕ್ಷರದಿಂದಲೇ ಶುರುವಾಗುತ್ತವೆ. ಎಲ್ಲರಲ್ಲೂ ಅದು ಕೆಡದೆ ಹಾಗೇ ಇದೆ ಅಂತ ಅಷ್ಟು ಖಚಿತವಾಗಿ ಹೇಳಿದಾಗ ನನಗೆ ಕೌನ್ಸೆಲಿಂಗ್ ಬಿಟ್ಟು ಪ್ರವಚನಕ್ಕೆ ಬಂದ ಹಾಗಾಯಿತು. ನಂಬುವವರು ನಂಬಲಿ. ನನಗೆ ಅದಿಲ್ಲದೆಯೂ ಕೆಲಸ ನಡೆಯಿತು.

ಎರಡನೆಯದು ದೊಡ್ಡ ದೂರು. ಹೊರಗಿನವರ ವಿಷಯ ಇಲ್ಲಿ ತೀರಾ ಕಡಿಮೆ. ನನ್ನೊಳಗೆ ಅತ್ತೆಯ ದನಿಯಲ್ಲಿ ಗೊಣಗುವ ಭಾಗವೊಂದಿತ್ತು. ಒಂದು ಪೂರ್ತಿ ಸೆಷನ್ ಅವರನ್ನು ಸಮಾಧಾನ ಮಾಡುವುದರಲ್ಲೇ ಹೋಯಿತು. ಆಮೇಲೆ ಒಂದು ದಿನ ಅಡುಗೆಮನೆಯಲ್ಲಿ ನಿಜವಾದ ಅತ್ತೆಯನ್ನೇ ಕೇಳಿದೆ. 'ಹೋಗವ್ವ, ನನಗೇನ್ ಕೈಕಾಲು ಇಲ್ವಾ? ಗ್ಯಾಸ್ ಬುಕ್ ಮಾಡೋದು ಒಂದು ಕಲಿಸಿ ಹೋಗು' ಅಂದರು. 1,500 ರೂಪಾಯಿ! ಸಹಿಯ ಭಯವೂ ಹಾಗೇ. ಯೂನಿಯನ್‌ನ ಹಿರಿಯರೊಬ್ಬರು ಟೀ ಕುಡಿಯುತ್ತಾ, ಯಾವುದಕ್ಕೆ ಯಾರು ಹೊಣೆ, ಫೈಲಿನಲ್ಲಿ ಏನೇನು ಬರೆದಿಟ್ಟುಕೊಳ್ಳಬೇಕು ಅಂತ ಬಿಡಿಸಿ ಹೇಳಿದರು, ಅರ್ಧ ಭಯ ಅಲ್ಲೇ ಇಳಿಯಿತು. ಆದರೆ ಸೆಷನ್ ಇಲ್ಲದಿದ್ದರೆ ಅವರ ಹತ್ತಿರ ಹೋಗಿ ಏನು ಕೇಳಬೇಕು ಅಂತಲೇ ನನಗೆ ಗೊತ್ತಿರುತ್ತಿರಲಿಲ್ಲ, ಇದನ್ನೂ ಹೇಳಬೇಕು. ಒಳಗಿನವರು ಪ್ರಶ್ನೆ ಹುಡುಕಿಕೊಟ್ಟರು. ಉತ್ತರ ಸಿಕ್ಕಿದ್ದು ಹೊರಗೆ. ಆ ಹೊರಗಿನ ದಾರಿಯನ್ನು ಕೌನ್ಸೆಲರ್ ತಾವಾಗಿ ತೋರಿಸಬೇಕಿತ್ತು ಅನ್ನುವುದೇ ನನ್ನ ತಕರಾರು. ನಮ್ಮ ಮನೆಗಳಲ್ಲಿ ಒಬ್ಬಳ ಟ್ರಾನ್ಸ್‌ಫರ್ ಅಂದರೆ ನಾಲ್ಕು ಜನರ ಟ್ರಾನ್ಸ್‌ಫರ್.

ಹೋಗುವ ಮುಂಚೆ ಗೊತ್ತಿರಲಿ, ಇದರ ಮೇಲೆ ನಡೆದ ಸಂಶೋಧನೆ ಇನ್ನೂ ಕಡಿಮೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕೀಲುಗಳ ಉರಿಯೂತದ ಕಾಯಿಲೆ ಇದ್ದ 79 ಜನರಿದ್ದರು, ಕೀಲುನೋವು, ಖಿನ್ನತೆಯಲ್ಲಿ ಸ್ವಲ್ಪ ಸುಧಾರಣೆ ಕಂಡಿತ್ತು. ಅದನ್ನೇ ಹಿಡಿದು ಎಲ್ಲ ಕಾಯಿಲೆಗೂ ಮದ್ದು ಅಂತ ಯಾರಾದರೂ ಮಾರಿದರೆ ಎದ್ದು ಬನ್ನಿ. ಕಿವಿಯಲ್ಲಿ ನಿಜವಾಗಿಯೂ ದನಿ ಕೇಳಿಸುವವರಿಗೆ ಇದಲ್ಲ, ಅವರು ಮೊದಲು ಸೈಕಿಯಾಟ್ರಿಸ್ಟ್ ಹತ್ತಿರ ಹೋಗಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರು ಎಲ್ಲ ಕಡೆ ಸಿಗುತ್ತಾರೆ, ಏನು ಓದಿದ್ದೀರಿ, ಎಲ್ಲಿ ತರಬೇತಿ ಅಂತ ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದುಕೊಳ್ಳುವವರಿಗೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರಬೇಕು. ದುಡ್ಡು ಕೊಡಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಭಾಗಗಳ ಪದ್ಧತಿ ಅಲ್ಲಿ ನಿರೀಕ್ಷಿಸಬೇಡಿ, ಆದರೆ ನಿಮ್ಮ ಮಾತು ಕೇಳುವವರು ಇರುತ್ತಾರೆ.

ನಾನು ಹೆಸರು ಕೊಟ್ಟೆ. ಪರೀಕ್ಷೆ ಇನ್ನೂ ಆಗಬೇಕು. ಸಹಿಗೆ ಹೆದರುವವಳು ಎಲ್ಲೂ ಹೋಗಿಲ್ಲ, ಸರ್ಕ್ಯುಲರ್‌ಗಳನ್ನು ನನಗಿಂತ ಗಮನ ಕೊಟ್ಟು ಓದುತ್ತಿದ್ದಾಳೆ. ಬುಕ್ ಮಾಡುವವರಿಗೆ ಒಂದು ಮಾತು: ಸಂಜೆ ಏಳರ ಮೇಲಿನ ಸ್ಲಾಟ್ ಬೇಗ ತುಂಬುತ್ತದೆ, ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿ, ಇಲ್ಲಾಂದ್ರೆ ಪೂರ್ತಿ ಫೀಸು ಹೋಗುತ್ತದೆ. ಮತ್ತೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತುಕೊಳ್ಳಿ, ಅತ್ತೆಯ ಬಗ್ಗೆ ಮಾತಾಡುವ ದಿನವಾದರೂ.