‘ಕ್ಯಾಂಟ್ ಅಫೋರ್ಡ್’ ಅಂದರೆ ಸಾಕಾ? ಕಲಿಸಿ ನೋಡಿದ್ದು

ತೈಪೆಯಲ್ಲಿ ಭಾನುವಾರ ಸಂಜೆ ಒಂದಿಬ್ಬರಿಗೆ ಇಂಗ್ಲಿಷ್ ಮಾತಾಡಲು ರೂಢಿ ಮಾಡಿಸುತ್ತೇನೆ. ಮಾತು ಸುತ್ತಿ ಸುತ್ತಿ ಮನೆ ರೇಟಿಗೇ ಬರುತ್ತದೆ. ದಾ-ಆನ್ ಕಡೆ ಒಂದು ಪಿಂಗ್, ಅಂದರೆ ಸುಮಾರು 36 ಚದರ ಅಡಿ ಜಾಗಕ್ಕೆ 10 ಲಕ್ಷ ತೈವಾನ್ ಡಾಲರ್ ದಾಟುವುದು ಮಾಮೂಲು. ‘ಕೈಗೆಟುಕಲ್ಲ’ ಅಂತ ಹೇಳೋಕೆ ಒಂದು ಮಾತು ಬೇಕೇ ಬೇಕಲ್ವಾ?

ಎಲ್ಲರೂ ಮೊದಲು ಹೇಳುವುದು ‘ದ ಪ್ರೈಸ್ ಈಸ್ ಟೂ ಎಕ್ಸ್‌ಪೆನ್ಸಿವ್’. ಅವರ ಮ್ಯಾಂಡರಿನ್ ಚೀನೀಯಲ್ಲಿ ವಸ್ತುವೂ ‘ಗ್ವೇ’ (ದುಬಾರಿ), ಬೆಲೆಯೂ ‘ಗ್ವೇ’. ಇಂಗ್ಲಿಷಿನಲ್ಲಿ ಪ್ರೈಸ್ ಹೈ ಆಗಬೇಕು. ಅದನ್ನು ತಿದ್ದಬಹುದು. ಆದರೆ ದುಬಾರಿ ಅಂದವನ ಹತ್ತಿರ ದುಡ್ಡಿಲ್ಲ ಅಂತೇನಿಲ್ಲ. ದುಡ್ಡಿದ್ದೂ ಬಿಚ್ಚೋಕೆ ಮನಸ್ಸು ಬಾರದಿದ್ದರೆ ಅವರು ‘ಷ-ಬು-ದ’ ಅನ್ನುತ್ತಾರೆ. ನಿಜಕ್ಕೂ ಕೊಳ್ಳೋಕೆ ಆಗದಿದ್ದರೆ ‘ಮಾಯ್-ಬು-ಛಿ’.

ಈ ‘ಬು-ಛಿ’ಗೆ ‘ಕ್ಯಾಂಟ್ ಅಫೋರ್ಡ್’ ಹೇಳಿ ಮಾಡಿಸಿದ ಜೋಡಿ. ವಾರದೊಳಗೆ ನಾಲಿಗೆಗೆ ಹತ್ತಿತು. ಇದೇ ಗೆದ್ದಿತು ಅಂದುಕೊಂಡೆ.

ಆಮೇಲೆ ಸಿಡ್ನಿಗೆ ಹೊರಟಿದ್ದ ಹುಡುಗಿಯೊಬ್ಬಳು ಅಲ್ಲಿನ ಬ್ರೋಕರ್ ಜೊತೆ ವಿಡಿಯೋ ಕಾಲ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಬಾಡಿಗೆ ಕೇಳಿ ‘ಐ ಕ್ಯಾಂಟ್ ಅಫೋರ್ಡ್ ಇಟ್’ ಅಂದಳು. ಆತ ಖುಷಿಯಾಗಿ, ಯಾವತ್ತು ಬರ್ತೀರಿ ಅಂತ ಕೇಳಿದ! ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ‘ಟ್’ ಬರುವುದೇ ಇಲ್ಲ. ಅವಳ ಬಾಯಲ್ಲಿ ಅದು ನುಂಗಿಹೋಗಿ ‘ಕ್ಯಾನ್’ ಉಳಿಯಿತು. ಅವಳು ಶಾಲೆಯಲ್ಲಿ ಕಲಿತದ್ದು ಅಮೆರಿಕದ ‘ಕ್ಯಾಂಟ್’. ಸಿಡ್ನಿಯವರದು ‘ಕಾಂಟ್’. ಹಾಗಾಗಿ ಆತನಿಗೆ ಅನುಮಾನವೇ ಬರಲಿಲ್ಲ. (ನಮಗೆ ಈ ಕಷ್ಟವಿಲ್ಲ. ಬಸ್ಸು, ಕಾರು ಅಂದಹಾಗೆ ‘ಕಾಂಟು’ ಅಂದು ಬಿಡುತ್ತೇವೆ.)

ಪುಸ್ತಕಗಳ ಅಚ್ಚುಮೆಚ್ಚಿನ ‘ಆನ್ ಆರ್ಮ್ ಆಂಡ್ ಎ ಲೆಗ್’ (ಕೈಕಾಲೇ ಕೊಡಬೇಕಾದಷ್ಟು ದುಬಾರಿ) ಕೂಡ ಕಲಿಸಿದ್ದೆ. ನಕ್ಕರು, ಮರೆತರು. ಅದಕ್ಕಿಂತ ‘ಸ್ಕೈ-ಹೈ’ ಸಲೀಸು. ಅವರಲ್ಲೂ ಆಕಾಶದ ಬೆಲೆ, ‘ಥಿಯೆನ್-ಜ್ಯಾ’ ಅನ್ನುವ ಮಾತಿದೆ.

ಈಗ ಬಾಡಿಗೆ ಮಾತಿಗೆ ಮಾತ್ರ ‘ಔಟ್ ಆಫ್ ಮೈ ಪ್ರೈಸ್ ರೇಂಜ್’ ಕೊಡುತ್ತೇನೆ. ಉದ್ದ ಜಾಸ್ತಿ. ಕಾಫಿಗೆ ಹಾಗಂದರೆ ನಗೆಪಾಟಲು. ಆದರೆ ನುಂಗಿಹೋದರೆ ಅರ್ಥವೇ ಉಲ್ಟಾ ಆಗುವ ಒಂದಕ್ಷರ ಅದರಲ್ಲಿಲ್ಲ. ನನ್ನ ಹತ್ತಿರ ದುಡ್ಡಿಲ್ಲ ಅಂತ ಬಾಯಿಬಿಟ್ಟು ಹೇಳುವ ಸಂಕೋಚವೂ ಇಲ್ಲ. ಮುಂದಿನ ಕಾಲ್‌ನಲ್ಲಿ ಹುಡುಗಿ ಅದನ್ನೇ ನಿಧಾನವಾಗಿ ಹೇಳಿದಳು. ಆತ ವಾರದ ಬಾಡಿಗೆಯಲ್ಲಿ 20 ಡಾಲರ್ ಇಳಿಸಿದ. ಆದರೂ ಎಟುಕಲಿಲ್ಲ.