ಯುರೋಪಿನಲ್ಲಿ ಪೋಸ್ಟ್‌ಡಾಕ್: ಜಾಹೀರಾತು ಕಾಯೋದಾ, ನಾವೇ ಮೇಲ್ ಬರೆಯೋದಾ?

ಧಾರವಾಡದಲ್ಲಿ ರಾಗಿ ಬೇರಿನ ಮೇಲೆ ಪಿಎಚ್‌ಡಿ ಮುಗಿಸಿ ಊರಲ್ಲೇ ಕೂತು ಹತ್ತು ತಿಂಗಳು ಯುರೋಪಿನ ಪೋಸ್ಟ್‌ಡಾಕ್ ಕೆಲಸ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಹುಡುಕಿದೆ. ಮೂರು ದಾರಿ ನೋಡಿದೆ, ಮೂರರಲ್ಲೂ ಬೇರೆ ಬೇರೆ ಥರ ಬೆವರು ಸುರಿಸಿದೆ.

ಮೊದಲು ಯುರಾಕ್ಸೆಸ್, ಸಂಶೋಧಕರ ಕೆಲಸದ ಜಾಹೀರಾತು ಬರುವ ತಾಣ. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ನದು, ಪುಕ್ಕಟೆ, ಎಲ್ಲ ದೇಶ ಎಲ್ಲ ವಿಷಯ ಒಂದೇ ಕಡೆ. ಸಂತೆ ಇದ್ದ ಹಾಗೆ. ಏನು ಬೇಕು ಅಂತ ಗೊತ್ತಿಲ್ಲದೆ ಹೋದರೆ ಸುಮ್ನೆ ಸುತ್ತುತ್ತಾ ಇರಬೇಕು. ಅಲ್ಲಿ ಆರ್1 ಅಂದರೆ ಪಿಎಚ್‌ಡಿ ಮಾಡುವ ಹಂತ, ಆರ್2 ಅಂದರೆ ಪಿಎಚ್‌ಡಿ ಮುಗಿದವರು. ಈ ಗುರುತು ಗಮನಿಸದೆ ನಾನು ಎರಡು ವಾರ ನನಗೆ ಸಂಬಂಧವೇ ಇಲ್ಲದ ಜಾಹೀರಾತು ಓದಿದೆ, ತಪ್ಪು ನನ್ನದೇ. ಅರ್ಜಿಯನ್ನು ಸಾಮಾನ್ಯವಾಗಿ ಆಯಾ ವಿಶ್ವವಿದ್ಯಾಲಯದ ಪುಟದಲ್ಲೇ ಹಾಕಬೇಕು, ಹಾಗಾಗಿ ಪಾಸ್‌ವರ್ಡ್ ಬರೆದಿಡೋಕೆ ಒಂದು ನೋಟ್‌ಬುಕ್ಕೇ ಬೇಕಾಯಿತು.

ಆಮೇಲೆ ಒಂದೊಂದು ದೇಶದ ತಾಣ ಹಿಡಿದೆ. ನೆದರ್ಲೆಂಡ್ಸಿಗೆ ಅಕಾಡೆಮಿಕ್‌ಟ್ರಾನ್ಸ್‌ಫರ್, ನಾರ್ವೆಗೆ ಜಾಬ್‌ನಾರ್ಗೆ. ನನಗೆ ಇವೇ ಜಾಸ್ತಿ ಹಿಡಿಸಿದವು. ಡಚ್ ಜಾಹೀರಾತಿನಲ್ಲಿ ಸಂಬಳ ಎಷ್ಟರಿಂದ ಎಷ್ಟರವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾರನ್ನು ಕೇಳಬೇಕು, ಎಲ್ಲ ಬರೆದಿರುತ್ತದೆ; ನಮ್ಮಲ್ಲಿ ಸಂಬಳ ಕೇಳಿದರೆ ಎದುರಿಗಿದ್ದವರ ಮುಖವೇ ಬದಲಾಗುತ್ತದೆ, ಅಲ್ವಾ? ನಾರ್ವೆಯ ಅರ್ಜಿಯಿಂದ ಕೆಲಸ ಬರಲಿಲ್ಲ, ಆದರೆ ಪರಿಶೀಲನಾ ಸಮಿತಿ ನನ್ನ ಬಗ್ಗೆ ಬರೆದದ್ದು ಕೈಗೆ ಬಂತು. ಪ್ರಯೋಗದ ಅನುಭವ ಚೆನ್ನಾಗಿದೆ, ಡೇಟಾ ವಿಶ್ಲೇಷಣೆಯಲ್ಲಿ ಕೊರತೆ ಇದೆ ಅಂತಿತ್ತು. ಎರಡು ದಿನ ಬೇಜಾರು ಮಾಡಿಕೊಂಡು ಮೂರನೇ ದಿನ ಆರ್ ಕಲಿಯೋಕೆ ಕೂತೆ. ಸಾಫ್ಟ್‌ವೇರ್ ಆರ್, ಯುರಾಕ್ಸೆಸ್ಸಿನ ಆರ್ ಅಲ್ಲ.

ಮೂರನೆಯದು, ಪ್ರೊಫೆಸರ್‌ಗೆ ನೇರ ಮೇಲ್ ಬರೆದು ಅವರ ಜೊತೆ ಮೇರಿ ಕ್ಯೂರಿ ಫೆಲೋಶಿಪ್‌ಗೆ, ಅಂದರೆ ಪೋಸ್ಟ್‌ಡಾಕ್‌ಗೆ ಯುರೋಪಿಯನ್ ಒಕ್ಕೂಟ ಕೊಡುವ ಹಣಕ್ಕೆ, ಅರ್ಜಿ ಹಾಕುವುದು. ಇದರ ನಿಯಮ ಊರಲ್ಲೇ ಪಿಎಚ್‌ಡಿ ಮಾಡಿದವರಿಗೆ ಅನುಕೂಲ: ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ ಹೋಗಬೇಕಾದ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಧಾರವಾಡದಲ್ಲೇ ಕೂತಿದ್ದ ನನಗೆ ಎಲ್ಲ ದೇಶವೂ ತೆರೆದಿತ್ತು. ಆದರೆ ಪೈಪೋಟಿ ಸಣ್ಣದಲ್ಲ, 2025ರಲ್ಲಿ ಅರ್ಜಿಗಳು 17 ಸಾವಿರ ದಾಟಿದವು. ಕೊನೆ ದಿನ ಸಾಮಾನ್ಯವಾಗಿ ಸೆಪ್ಟೆಂಬರ್, ಬ್ರಸೆಲ್ಸ್ ಸಮಯ ಸಂಜೆ 5, ಅಂದರೆ ನಮಗೆ ರಾತ್ರಿ 8.30. ಜುಲೈನಲ್ಲಿ ಮೇಲ್ ಬರೆದರೆ ಆಗಲೇ ತಡ. ನಾನು ಜುಲೈನಲ್ಲಿ ಬರೆದೆ. ಹದಿನೆಂಟು ಮೇಲ್‌ಗೆ ನಾಲ್ಕು ಉತ್ತರ, ಅದರಲ್ಲಿ ಮೂರು 'ಈ ವರ್ಷ ಬೇರೆಯವರನ್ನು ಒಪ್ಪಿಕೊಂಡಾಗಿದೆ'.

ಮತ್ತೆ ಹುಡುಕುವುದಾದರೆ ಏಪ್ರಿಲ್‌ನಲ್ಲಿ ಮೇಲ್ ಶುರು ಮಾಡುತ್ತೇನೆ, ಅದೂ ಐದೇ ಜನಕ್ಕೆ, ಅವರ ಇತ್ತೀಚಿನ ಪೇಪರ್ ನಿಜವಾಗಿ ಓದಿ. ದೇಶದ ತಾಣ ದಿನಾ ನೋಡುತ್ತೇನೆ. ಯುರಾಕ್ಸೆಸ್ ವಾರಕ್ಕೊಮ್ಮೆ ಸಾಕು. ಅಂದಹಾಗೆ ಆ ನಾಲ್ಕನೇ ಉತ್ತರ: 'ನನ್ನ ಹತ್ತಿರ ಹಣ ಇಲ್ಲ, ಪಕ್ಕದ ಲ್ಯಾಬಿನವರು ಮುಂದಿನ ತಿಂಗಳು ಜಾಹೀರಾತು ಹಾಕುತ್ತಾರೆ, ನೋಡುತ್ತಿರಿ.' ಹಾಕಿದರು, ಡಚ್ ತಾಣದಲ್ಲೇ. ಈಗ ಅದೇ ಲ್ಯಾಬಿನಲ್ಲಿದ್ದೇನೆ.